ಎಡಗಿವಿಯ ಹದ್ದುಬಸ್ತು

ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರಪಳಿ ಎಳೆದು ನಿವೃತ್ತನಾದವನು ನಾನು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳಲ್ಲಿ ನಾನು ತುಳಿಯದ ಬದು ಕಡಿಮೆ. ನಿವೃತ್ತಿಯಾದ ಮೂರನೇ ತಿಂಗಳಿಗೆ ನನ್ನ ಎಡಗಿವಿಯಲ್ಲಿ ಒಂದು ಸದ್ದು ಬಂದು ಕೂತಿತು. ಅರ್ಜಿ ಇಲ್ಲ, ನೋಟಿಸ್ ಇಲ್ಲ, ಅಕ್ಕಪಕ್ಕದ ಹಿಡುವಳಿದಾರರ ಹೇಳಿಕೆ ಇಲ್ಲ. ಇದಕ್ಕೆ ನಮ್ಮಲ್ಲಿ ಒತ್ತುವರಿ ಅನ್ನುತ್ತಾರೆ. ಒತ್ತುವರಿ ಕಂಡ ಮೇಲೆ ಅಳೆಯದೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಏಳು ವರ್ಷದ ಮೋಜಣಿಯ ವರದಿಯನ್ನು ಸಾರ್ವಜನಿಕರ ಅವಗಾಹನೆಗೆ ಇಲ್ಲಿ ಸಲ್ಲಿಸುತ್ತಿದ್ದೇನೆ.

ಮೊದಲು ಚಕ್ಕುಬಂದಿ. ಪೂರ್ವಕ್ಕೆ ಕಿವಿಹಾಲೆ, ಪಶ್ಚಿಮಕ್ಕೆ ಮಿದುಳು, ಉತ್ತರಕ್ಕೆ ಕನ್ನಡಕದ ಕಡ್ಡಿ, ದಕ್ಷಿಣಕ್ಕೆ ದವಡೆ. ನಾನು ಮಗ್ಗುಲು ಬದಲಿಸಿದರೆ ದಿಕ್ಕುಗಳೂ ಬದಲಾಗುತ್ತವೆ. ಟಿಪ್ಪಣಿ ಪುಸ್ತಕದಲ್ಲಿ ಇದಕ್ಕೆ ಪರಿಹಾರ ಕೊಟ್ಟಿಲ್ಲ. ಸದ್ದಿನ ಸ್ವರೂಪ: ಕುಕ್ಕರ್ ಕೂಗುವುದಕ್ಕೆ ಸ್ವಲ್ಪ ಮುಂಚೆ ಸುಂಯ್ ಅನ್ನುತ್ತದಲ್ಲ, ಅದು. ಅದು ಮಾತ್ರ. ಏಳು ವರ್ಷದಿಂದ ಸುಂಯ್ ಅನ್ನುತ್ತಿದೆ, ಇನ್ನೂ ಮೊದಲ ಕೂಗು ಕೂಗಿಲ್ಲ.

ಇನ್ನು ಮಾಲೀಕತ್ವ. ಕಿವಿಯ ಡಾಕ್ಟರರು ನನ್ನನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ತೊಡಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ಒಳಗೆ ಸುಂಯ್ ನಿಂತೇ ಇರಲಿಲ್ಲವಾದ್ದರಿಂದ ನಾನು ಗುಂಡಿ ಬಿಡಲೇ ಇಲ್ಲ. ಗದರಿಸಿಕೊಂಡ ಮೇಲೆ ನಕ್ಷೆ ತಯಾರಾಯಿತು. ಗೆರೆ 3000 ಹರ್ಟ್ಜ್‌ವರೆಗೆ ಬಯಲುಸೀಮೆಯ ಹಾಗೆ ಸಮತಟ್ಟಾಗಿ ಬಂದು, 4000ದ ಹತ್ತಿರ ಕೋಟೆ ಬುರುಜಿನಿಂದ ಬಿದ್ದ ಹಾಗೆ ಕೆಳಗೆ ಬಿದ್ದಿತ್ತು. ಕಾರಣ ನನಗೆ ಗೊತ್ತು. ಹಿರಿಯೂರು ರೂಟಿನ ಖಾಸಗಿ ಬಸ್ಸಿನಲ್ಲಿ ಎಂಜಿನ್ ಪಕ್ಕದ ಸೀಟು, ಮೇಲೆ ಏರ್‌ಹಾರ್ನ್. ಸರ್ಕಾರಿ ನೌಕರ ಅನ್ನುವ ಗೌರವಕ್ಕೆ ಡ್ರೈವರ್ ಯಾವಾಗಲೂ ಅದೇ ಜಾಗ ಕೊಡುತ್ತಿದ್ದ.

ಡಾಕ್ಟರರು ವಿವರಿಸಿದ ವಿಜ್ಞಾನವನ್ನು ನಾನು ನಮ್ಮ ಇಲಾಖೆಯ ಭಾಷೆಗೆ ಇಳಿಸಿಕೊಂಡಿದ್ದೇನೆ. ಒಳಗಿವಿಯ ಶಂಖದಲ್ಲಿ ಸುಮಾರು 15,000 ರೋಮಕೋಶಗಳು. ಕೋಳಿಗಾದರೆ ಹೋದವು ಮತ್ತೆ ಹುಟ್ಟುತ್ತವೆ, ಮನುಷ್ಯನಿಗೆ ಹುಟ್ಟುವುದಿಲ್ಲ. ಹೊಳೆಯಲ್ಲಿ ಕೊಚ್ಚಿಹೋದ ಜಮೀನು ಅಂತ ತಿಳಿಯಿರಿ. ಜಮೀನು ಹೋಗಿದೆ, ಆದರೆ ಮೇಲಿನ ಕಚೇರಿಗೆ, ಅಂದರೆ ಮಿದುಳಿಗೆ, ಮಾಹಿತಿ ಹೋಗಿಲ್ಲ. ಅದು ಹಳೇ ಪಹಣಿ ಹಿಡಿದುಕೊಂಡು ಆ ಜಮೀನಿನ ಕಂದಾಯ ಎಲ್ಲಿ, ಎಲ್ಲಿ ಅಂತ ಜೋರು ಮಾಡುತ್ತಿದೆ. ಆ ಜೋರೇ ಸುಂಯ್. ಪಹಣಿಯ 9ನೇ ಕಲಮಿನಲ್ಲಿ ಮಾಲೀಕನೆಂದು ನನ್ನ ಹೆಸರಿದೆ, ಅನುಭವದ 12ನೇ ಕಲಮಿನಲ್ಲಿ ಸದ್ದಿನ ಹೆಸರಿದೆ. ಇಂಥ ಕೇಸುಗಳು ಎಷ್ಟು ವರ್ಷ ನಡೆಯುತ್ತವೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ.

ಸುಶ್ರುತ ಸಂಹಿತೆ ಕಿವಿಯ ರೋಗಗಳನ್ನು 28 ಎಂದು ಎಣಿಸಿದೆ. ಭೇರಿ, ಮೃದಂಗ, ಶಂಖ ಕೇಳಿಸಿದರೆ ಕರ್ಣನಾದ. ಕೊಳಲಿನಂತೆ ಕೇಳಿಸಿದರೆ ಕರ್ಣಕ್ಷ್ವೇಡ. ಕುಕ್ಕರ್ ಬಗ್ಗೆ ಮೌನ ವಹಿಸಿದೆ. ಕುಕ್ಕರ್ ಕೊಳಲಿಗೆ ಹತ್ತಿರವೆಂಬ ನೆಲೆಯಲ್ಲಿ ನಾನು ಎರಡನೆಯದಕ್ಕೆ ಖಾತೆ ಮಾಡಿಸಿಕೊಂಡೆ.

ಈಗ ತಾಲ್ಲೂಕುವಾರು ವಿವರ.

ಹೊಳಲ್ಕೆರೆಯಲ್ಲಿ ನನ್ನ ತಂಗಿಯ ಮನೆ. ಅಡಿಕೆ ಕಾಲದಲ್ಲಿ ಅಂಗಳದಲ್ಲೇ ಸುಲಿಯುವ ಮಷೀನು. ನನ್ನ ಸಂಶೋಧನೆಯನ್ನು ಅವಳಿಗೆ ಮನವರಿಕೆ ಮಾಡಿಸಲು ಮಷೀನಿನ ಸದ್ದಿನ ಮೇಲೆ ಅರ್ಧ ಗಂಟೆ ಕಿರುಚಿದೆ. ಮಷೀನು ನಿಂತ ಮೇಲೆ ಅವಳು, “ಅಣ್ಣ, ಇದು ನಿಂತ ಮೇಲೂ ಕಿವೀಲಿ ಗುಂಯ್ ಅಂತಾನೇ ಇರುತ್ತೆ. ಬೆಳಗ್ಗೆ ಹೊತ್ತಿಗೆ ಹೋಗುತ್ತೆ. ಇದಕ್ಕೂ ಡಾಕ್ಟ್ರ ಹತ್ರ ಹೋಗ್ತಾರಾ?” ಅಂದಳು. ಬೆಳಗ್ಗೆ ಹೋಗುವುದು ತಾತ್ಕಾಲಿಕ ಪರವಾನಗಿ, ದಿನಾ ಹೀಗೇ ಆದರೆ ಒಂದು ದಿನ ಕಾಯಂ ಆಗುತ್ತದೆ, ಮಷೀನಿನ ಹತ್ತಿರ ಕಿವಿಗೆ ಹತ್ತಿಯಲ್ಲ, ಸರಿಯಾದ ಪ್ಲಗ್ ಇಟ್ಟುಕೊ ಅಂದೆ. ಅವಳು ಕಾಫಿಗೆ ಹಾಲಿಟ್ಟಳು. ಊರಿನ ದೊಡ್ಡ ಗಣಪತಿಗೂ ಒಂದು ಅಹವಾಲು ಸಲ್ಲಿಸಿ ಬಂದಿದ್ದೇನೆ. ಅಷ್ಟು ಅಗಲದ ಕಿವಿಯವನಿಗೆ ಈ ತೊಂದರೆ ಎಷ್ಟು ಎಕರೆ ಇರಬಹುದು ಎಂಬ ಅನುಕಂಪವೂ ಅಹವಾಲಿನಲ್ಲಿ ಸೇರಿತ್ತು.

ಹೊಸದುರ್ಗ ತಾಲ್ಲೂಕಿನದು ಚಿಕ್ಕ ಪ್ರಕರಣ. ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ನಾಟಕ ನೋಡುತ್ತಿದ್ದೆ. ಪಾತ್ರಧಾರಿ ಮಾತು ನಿಲ್ಲಿಸಿ ಆಕಾಶ ನೋಡುತ್ತ ನಿಂತ. ಸಾವಿರಾರು ಜನ ಉಸಿರು ಹಿಡಿದರು. ಸಣ್ಣಗೆ ಒಂದೇ ಎಳೆಯ ಸ್ವರ ಸಾಗಿತ್ತು. “ಹಿನ್ನೆಲೆ ಸಂಗೀತ ಅದ್ಭುತ” ಅಂತ ಪಕ್ಕದವರಿಗೆ ಹೇಳಿದೆ. ಅವರು ನನ್ನನ್ನು ನೋಡಿ ಸ್ವಲ್ಪ ಆಚೆ ಸರಿದು ಕೂತರು.

ಹಿರಿಯೂರು ಬೇರೆಯೇ ದರ್ಜೆ. ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಬಿಟ್ಟು. ಜಿಲ್ಲೆಗೆ ಜಿಲ್ಲೆಯೇ ಟೆಂಪೊ, ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಯಿತು, ನಾವೂ ಹೋದೆವು. ಕೋಡಿಯ ನೀರು ಬಿಳೀ ಗೋಡೆಯ ಹಾಗೆ ಉರುಳುತ್ತಿತ್ತು. ಮುದುಕರು ಅಳುತ್ತಿದ್ದರು, ಹುಡುಗರು ಸೆಲ್ಫಿ ತೆಗೆಯುತ್ತಿದ್ದರು, ಮಾರಿಕಣಿವೆ ನೀರಿಗೆ ಅರಿಶಿನ ಕುಂಕುಮ ಹಾಕುವವರು ಹಾಕುತ್ತಿದ್ದರು. ನಾನು ಕೈಕಟ್ಟಿ ನಿಂತವನು ಇದ್ದಕ್ಕಿದ್ದಂತೆ ಏನೋ ಕಳೆದುಕೊಂಡೆ ಅನ್ನಿಸಿ ಜೇಬು ಮುಟ್ಟಿಕೊಂಡೆ. ಪರ್ಸಿತ್ತು. ಮೊಬೈಲಿತ್ತು. ಸುಂಯ್ ಇರಲಿಲ್ಲ. ನೀರಿನ ಮೊರೆತದಲ್ಲಿ ಅದು ಮುಳುಗಿಹೋಗಿತ್ತು. ಆಟೊ ಹತ್ತಿರ ಬಂದ ಮೇಲೂ ಒಂದು ನಿಮಿಷದಷ್ಟು ಹೊತ್ತು ಬರಲಿಲ್ಲ. ಆ ಒಂದು ನಿಮಿಷ ನಾನು ಯಾರ ಜೊತೆಗೂ ಮಾತಾಡಲಿಲ್ಲ, ಮನೆಯವಳು ಬಿ.ಪಿ. ಮಾತ್ರೆ ತಗೊಂಡ್ರಾ ಅಂತ ಎರಡು ಸಲ ಕೇಳಿದಳಂತೆ.

ಹೊರಗಿನ ಸದ್ದು ಒಳಗಿನದನ್ನು ಮುಚ್ಚುವುದೂ, ಹೊರಗಿನದು ನಿಂತ ಮೇಲೆ ಒಳಗಿನದು ಸ್ವಲ್ಪ ಹೊತ್ತು ತಡವಾಗಿ ಬರುವುದೂ ವೈದ್ಯರಿಗೆ ಹಳೇ ವಿಷಯ. ಫ್ಯಾನು ಹಾಕಿಕೊಂಡು ಮಲಗಿ, ಸಣ್ಣಗೆ ರೇಡಿಯೊ ಇಟ್ಟುಕೊಳ್ಳಿ ಅಂತ ಅವರು ಹೇಳುವುದು ಇದೇ ಲೆಕ್ಕದಲ್ಲಿ. ನಾನು ಚೀಟಿಯಲ್ಲಿ ಬರೆದುಕೊಂಡದ್ದು ಹೀಗೆ: ಔಷಧ, ಮಾರಿಕಣಿವೆ ಕೋಡಿ, ಪ್ರಮಾಣ, 89 ವರ್ಷಕ್ಕೊಮ್ಮೆ, ಊಟದ ನಂತರ. 2025ರ ಜನವರಿಯಲ್ಲೇ ಮತ್ತೆ ಕೋಡಿ ಬಿದ್ದು ಪ್ರಮಾಣ ಏರುಪೇರಾಗಿದೆ.

ಇಲ್ಲಿ ಕಾನೂನಿನ ಒಂದು ಅಂಶ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು. ಕಿವಿಮೊರೆತವನ್ನು ಯಂತ್ರದಲ್ಲಿ ಹೋಲಿಸಿ ನೋಡಿದರೆ ಅದು ಬಹುಮಟ್ಟಿಗೆ ಆ ಕಿವಿಗೆ ಕೇಳಿಸುವ ಅತಿ ಸಣ್ಣ ಸದ್ದಿಗಿಂತ ಹತ್ತು ಡೆಸಿಬಲ್ಲಿನಷ್ಟೂ ಮೇಲಿರುವುದಿಲ್ಲ. ಅಂದರೆ ನಮ್ಮ ಬೀದಿಯ ಕಲ್ಯಾಣಮಂಟಪದ ಡಿಜೆ, ಹೆದ್ದಾರಿಯ ಲಾರಿ, ತೋಟದ ಬೋರ್‌ವೆಲ್ ಕೊರೆಯುವ ಗಾಡಿ ಇವೆಲ್ಲದರ ನಡುವೆ ನಿಯಮ ಪಾಲಿಸುತ್ತಿರುವುದು ನನ್ನ ಎಡಗಿವಿ ಒಂದೇ. ಠಾಣೆಗೆ ದೂರು ಕೊಡಲು ಬರುವುದಿಲ್ಲ. ಇದರ ಮೇಲೆ, 1953ರಲ್ಲಿ ಅಮೆರಿಕದಲ್ಲಿ ಕಿವಿಯ ದೂರೇ ಇಲ್ಲದ 80 ಜನರನ್ನು ಸದ್ದು ನುಗ್ಗದ ಕೋಣೆಯಲ್ಲಿ ಕೂರಿಸಿ ಕೇಳಿದಾಗ ಶೇ. 94ರಷ್ಟು ಮಂದಿ ಏನೋ ಕೇಳಿಸುತ್ತಿದೆ ಅಂದರಂತೆ. ಒತ್ತುವರಿ ಎಲ್ಲರ ಜಮೀನಿನಲ್ಲೂ ಇದೆ. ನಾನು ಅಳೆಸಿದ್ದೇನೆ, ಅವರು ಅಳೆಸಿಲ್ಲ, ಅಷ್ಟೆ. (ಸದ್ದು ನಾಡಿಯ ಬಡಿತಕ್ಕೆ ತಾಳ ಹಾಕುತ್ತಿದ್ದರೆ, ಅಥವಾ ಒಂದು ಕಿವಿ ದಿಢೀರನೆ ಮಂಕಾದರೆ, ಅದು ನನ್ನ ಇಲಾಖೆಯದಲ್ಲ. ಅದೇ ದಿನ ಡಾಕ್ಟರ ಹತ್ತಿರ ಹೋಗಿ.)

ಸಲಹೆ ಕೊಟ್ಟವರ ಪಟ್ಟಿ ದೊಡ್ಡದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಲು ಹೇಳಿದವರು ಹದಿನಾಲ್ಕು ಮಂದಿ. ಕಿವಿತಮಟೆ ತೂತಾಗಿದ್ದರೆ ಎಣ್ಣೆ ಒಳಗೆ ಹೋಗುತ್ತದೆ ಅಂದರೆ, ಹೋಗಲಿ ಅಂತಾನೇ ತಾನೇ ಬಿಡೋದು ಅಂದರು. ಯೋಗಿಗಳು ಇದಕ್ಕಾಗಿ ಗುಹೆ ಸೇರುತ್ತಾರೆ, ನಿಮಗೆ ಮನೆಬಾಗಿಲಿಗೆ ಬಂದಿದೆ ಅಂದವರು ಒಬ್ಬರು. ಅವರಿಗೆ ಪೋಡಿ ಮಾಡಿ ಅರ್ಧ ಕೊಡುತ್ತೇನೆ ಅಂದೆ.

ಚಿತ್ರದುರ್ಗದ ವಿಷಯಕ್ಕೆ ಬಂದರೆ ನನ್ನ ಅಧ್ಯಯನದ ಮುಖ್ಯ ಪ್ರಶ್ನೆ ಇರುವುದು ಕೋಟೆಯ ಕಿಂಡಿಯಲ್ಲಿ. ಊಟಕ್ಕೆ ಕೂತ ಕಾವಲುಗಾರ ಗಂಡನಿಗೆ ನೀರು ತರಲು ಓಬವ್ವ ಹೋಗುತ್ತಾಳೆ, ಕಿಂಡಿಯ ಕಡೆಯಿಂದ ಸಣ್ಣ ಸದ್ದು ಕೇಳುತ್ತದೆ, ಒನಕೆ ಎತ್ತುತ್ತಾಳೆ. ಮುಂದಿನದು ಎಲ್ಲರಿಗೂ ಗೊತ್ತು. ಆದರೆ ಅವಳದು ನನ್ನ ಕಿವಿಯಾಗಿದ್ದರೆ? ‘ಶುರುವಾಯ್ತಲ್ಲ ಇದು ಮತ್ತೆ’ ಅಂತ ಕೊಡ ತುಂಬಿಕೊಂಡು ಬಂದು ಗಂಡನಿಗೆ ಇನ್ನೊಂದು ಮುದ್ದೆ ಬಡಿಸುತ್ತಿದ್ದಳು. ಹೈದರಾಲಿಯ ಸಿಪಾಯಿಗಳು ಸಾಲಾಗಿ ಒಳಗೆ ಬಂದು, ಬಂದದ್ದು ಯಾರಿಗೂ ಗೊತ್ತಾಗದ್ದಕ್ಕೆ ಅವರೇ ಬೇಜಾರು ಮಾಡಿಕೊಳ್ಳುತ್ತಿದ್ದರು. ಒಳಗಿನ ಸದ್ದು ಯಾವುದು, ಹೊರಗಿನದು ಯಾವುದು ಎಂದು ಗೊತ್ತುಮಾಡುವುದೇ ಈ ಶಾಸ್ತ್ರದ ತಿರುಳು. ಇದಕ್ಕೆ ನಾನು ಒಂದು ಪರೀಕ್ಷೆ ಸಿದ್ಧಪಡಿಸಿದ್ದೇನೆ. ಎರಡೂ ಕಿವಿಗೆ ಬೆರಳಿಟ್ಟುಕೊಳ್ಳಿ. ಸದ್ದು ಆಗಲೂ ಇದ್ದರೆ ಒಳಗಿನದು. ಈ ವಿಧಾನ ಇದುವರೆಗೆ ತಪ್ಪಿಲ್ಲ ಎಂದು ವರದಿಯ ಕರಡಿನಲ್ಲಿ ಬರೆದಿದ್ದೆ.

ಕಳೆದ ತಿಂಗಳು ಒಂದು ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಸದ್ದು ದಪ್ಪಗಾಗಿತ್ತು, ಸ್ವರ ಇಳಿದಿತ್ತು, ಮಂಚದ ಕಾಲಿನಲ್ಲೂ ಇದ್ದಂತಿತ್ತು. ಬೆರಳಿಟ್ಟೆ. ಇತ್ತು. ಟಾರ್ಚ್ ಬೆಳಕಿನಲ್ಲಿ ಫೀಲ್ಡ್ ಬುಕ್ ತೆಗೆದು, ‘ಹಿಸ್ಸಾ 2 ಉದ್ಭವಿಸಿದೆ, ಗುಂಯ್ ಜಾತಿ, ತನಿಖೆಗೆ ಅರ್ಹ’ ಎಂದು ಬರೆದು, ಸಮಯ ನಮೂದಿಸಿ, ರುಜು ಮಾಡಿ ನೆಮ್ಮದಿಯಾಗಿ ಮಲಗಿದೆ.

ಐದು ಗಂಟೆಗೆ ಮನೆಯವಳು ಬಾಗಿಲಿಗೆ ನೀರು ಹಾಕಲು ಹೋದವಳು ಅಲ್ಲಿಂದಲೇ ಕೂಗಿದಳು. “ರೀ! ರಾತ್ರಿಯೆಲ್ಲ ಮೋಟರ್ ಓಡಿದೆ! ಟ್ಯಾಂಕ್ ಕೋಡಿ ಬಿದ್ದಿದೆ, ಬೀದಿ ತನಕ ನೀರು!” ನಾಲ್ಕು ದಿನಕ್ಕೊಮ್ಮೆ ಬಿಡುವ ನೀರು. ಎದುರು ಮನೆಯವರು ಬಕೆಟ್ ಹಿಡಿದುಕೊಂಡು ನಿಂತಿದ್ದರು. ನಾನು ಹೋಗಿ ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಸುಟ್ಟ ವಾಸನೆ ಬಂದು ಹಿಸ್ಸಾ 2 ತಾನಾಗಿಯೇ ನಿಂತಿತು.

ಮೆಕ್ಯಾನಿಕ್ ಹುಡುಗ ಬಂದು ಬಿಚ್ಚಿ ನೋಡಿ, “ಸಂಪು ಖಾಲಿಯಾದ ಮೇಲೂ ಓಡಿದೆ ಸಾರ್, ಕಾಯಿಲ್ ಹೋಗಿದೆ, ರಿವೈಂಡಿಂಗ್ ಮಾಡಿಸ್ಬೇಕು. ರಾತ್ರಿ ಸದ್ದು ಕೇಳ್ಲಿಲ್ವಾ ನಿಮಗೆ?” ಅಂದ.

“ಕೇಳಿಸ್ತಪ್ಪ” ಅಂತ ಮನೆಯವಳೇ ಉತ್ತರ ಕೊಟ್ಟಳು. “ಬರ್ಕೊಂಡಿದ್ದಾರೆ.”

ಫೀಲ್ಡ್ ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಷರಾ ಹಾಕಿದ್ದೇನೆ: ಹಿಸ್ಸಾ 2 ರದ್ದು. ಮೂಲ ಸರ್ವೆ ನಂಬರ್ ಯಥಾಸ್ಥಿತಿ.