ನಮ್ಮ ಪುಟ್ಟನ ಮೂರು ಬಾಲ್ಯ

ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೂತು ಸಾಲದ ಅರ್ಜಿ ಓದಿದವನು. ಅರ್ಜಿಯಲ್ಲಿ 'ಸಾಲದ ಉದ್ದೇಶ' ಎಂದೊಂದು ಕಾಲಂ. ರೈತ ಬಂದು 'ಎರಡು ಎಮ್ಮೆ' ಎಂದು ಬರೆಸಿ, ಹೆಬ್ಬೆಟ್ಟು ಒತ್ತಿ ಎದ್ದು ಹೋಗುತ್ತಿದ್ದ. ಆ ಕಾಲಂ ಸಾಲದೆ ಕಾಗದದ ಹಿಂಬದಿಗೂ ಉದ್ದೇಶ ಹರಿಸಿದವನ ಸಾಲ ವಸೂಲಾಗುವುದು ಕಷ್ಟ. ಆದ್ದರಿಂದ ತಂಗಿಯ ಮಗ ಪುಟ್ಟ ಬಂದು, "ಮಾವ, ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಬರೀತಿದೀನಿ, ಸಾವಿರ ಪದ" ಅಂದ ಕೂಡಲೇ ನನಗೆ ವಸೂಲಾತಿಯ ಚಿಂತೆ ಹತ್ತಿಕೊಂಡಿತು.

ಪುಟ್ಟ ಅರ್ಥಶಾಸ್ತ್ರದ ಎಂ.ಎ. ಅಮೆರಿಕದಲ್ಲೇ ಪಿಎಚ್.ಡಿ. ಮಾಡಬೇಕು. ಈ ಜಾತಿಯ ಹುಡುಗರನ್ನು ನೀವೂ ಕಂಡಿರುತ್ತೀರಿ. ಮದುವೆಮನೆಗೂ ಲ್ಯಾಪ್‌ಟಾಪ್ ತರುತ್ತಾರೆ. ಎರಡನೇ ಹೋಳಿಗೆ ಬಡಿಸಲು ಬಂದರೆ "ಮಾರ್ಜಿನಲ್ ಯುಟಿಲಿಟಿ ಇಳೀತಾ ಇದೆ" ಎಂದು ಎಲೆಗೆ ಅಡ್ಡ ಕೈ ಹಿಡಿಯುತ್ತಾರೆ. ಬಡಿಸುವವನು ಹುಡುಗನಿಗೆ ಹೊಟ್ಟೆ ಸರಿಯಿಲ್ಲ ಅಂದುಕೊಂಡು ಮಜ್ಜಿಗೆ ತರುತ್ತಾನೆ.

ಅರ್ಜಿಯ ಜೊತೆ ಹೋಗುವ ಈ ಸ್ಟೇಟ್‌ಮೆಂಟು, ಅವರ ಬಾಯಲ್ಲಿ ಎಸ್‌ಒಪಿ, ಬಾಲ್ಯದಿಂದ ಶುರುವಾಗಬೇಕು ಎಂದು ಪುಟ್ಟನಿಗೆ ಯಾರು ಹೇಳಿದರೋ. ಮೊದಲ ವರ್ಷ ಅಡಿಗೆಮನೆಗೆ ಹೋಗಿ ಅಮ್ಮನನ್ನು ಕೇಳಿದ: "ನಾನು ಸಣ್ಣವನಿದ್ದಾಗ ನಮಗೆ ಏನಾದ್ರೂ ಕಷ್ಟ ಇತ್ತಾ?"

"ನೀನೇ ಇದ್ಯಲ್ಲೋ, ಬೇರೆ ಕಷ್ಟ ಯಾಕೆ ಬೇಕಿತ್ತು?"

ಸ್ವಂತ ಕಷ್ಟ ಸಿಗದಿದ್ದವನಿಗೆ ಆಸರೆಯಾದದ್ದು ನೊಬೆಲ್. ಅರ್ಥಶಾಸ್ತ್ರದ ನೊಬೆಲ್ ಘೋಷಣೆಯಾಗುವುದು ಅಕ್ಟೋಬರಿನಲ್ಲಿ, ಅರ್ಜಿಯ ಗಡುವು ಮುಗಿಯುವುದು ಡಿಸೆಂಬರಿನಲ್ಲಿ. ನಡುವಿನ ಎರಡು ತಿಂಗಳು ಒಂದು ಬಾಲ್ಯ ಕಟ್ಟಲು ಬೇಕಾದಷ್ಟಾಯಿತು. 2023ರಲ್ಲಿ ಹೆಂಗಸರ ದುಡಿಮೆಯ ಇನ್ನೂರು ವರ್ಷದ ಲೆಕ್ಕ ತೆಗೆದ ಕ್ಲೌಡಿಯಾ ಗೋಲ್ಡಿನ್‌ಗೆ ಬಂತು. ಅದೇ ವಾರ ಪುಟ್ಟನಿಗೆ, ಅಡಿಕೆ ಸುಲಿಯುತ್ತಿದ್ದ ಅಜ್ಜಿಯ ಬೆರಳು ನೋಡಿ ಐದನೇ ವಯಸ್ಸಿನಲ್ಲೇ ಕಣ್ಣೀರು ಬಂದದ್ದು ನೆನಪಾಯಿತು. 2024ರಲ್ಲಿ, ದೇಶಗಳು ಉದ್ಧಾರವಾಗುವುದೂ ಹಾಳಾಗುವುದೂ ಅವುಗಳ ಸಂಸ್ಥೆಗಳಿಂದ ಎಂದ ಅಸೆಮೊಗ್ಲು, ಜಾನ್ಸನ್, ರಾಬಿನ್ಸನ್ ಅವರಿಗೆ ಬಂತು. ಅಜ್ಜಿ ಹೋಗಿ ಅಜ್ಜ ಬಂದರು. ಅವರ ಕೈ ಹಿಡಿದು ಊರಿನ ಸೊಸೈಟಿಯ ಸರ್ವಸದಸ್ಯರ ಸಭೆಗೆ ಹೋಗುತ್ತಿದ್ದನಂತೆ. ಆ ಅಜ್ಜ ನನ್ನ ಅಪ್ಪ. "ಅವರು ಆ ಸಭೆಗೆ ಹೋದದ್ದು ಒಂದೇ ಸಲ ಕಣೋ, ಅವತ್ತು ಕುರ್ಚಿ ಎತ್ತಿ ಹೊಡೆದಾಡಿದ್ರು" ಅಂದೆ. "ಅದೂ ಇನ್‌ಸ್ಟಿಟ್ಯೂಷನ್ನೇ ಮಾವ" ಅಂದ. 2025ರಲ್ಲಿ ಮೋಕಿರ್, ಅಘಿಯೋಂ, ಹೊವಿಟ್: ಕೊನೆಯ ಇಬ್ಬರದು, ಹೊಸದು ಹುಟ್ಟುವಾಗ ಹಳೆಯದನ್ನು ಮುಗಿಸಿಯೇ ಹುಟ್ಟುತ್ತದೆ ಎಂಬ ಸಿದ್ಧಾಂತ. ಅಜ್ಜನೂ ಮುಗಿದರು. ಬೀದಿ ಮೂಲೆಯ ಎಸ್‌ಟಿಡಿ ಬೂತ್ ಮುಚ್ಚಿದ ದಿನ ಬಾಲಕ ಪುಟ್ಟ ಅದರ ಮುಂದೆ ನಿಂತು ಚಿಂತಿಸಿದ. ಬೂತಿನವನು ಈಗ ಅದೇ ಜಾಗದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಪುಟ್ಟನಿಗಿಂತ ಚೆನ್ನಾಗಿದ್ದಾನೆ.

ಮೂರರಲ್ಲಿ ನನಗೆ ಹೆಚ್ಚು ಮರುಕ ಮೊದಲನೆಯದರ ಮೇಲೆ. ಆ ವರ್ಷ ಹುಡುಗ ನಿಜಕ್ಕೂ ಒಂದು ಪ್ರಶ್ನೆ ಹಿಡಿದಿದ್ದ. 2023ರ ಜೂನ್ 11ಕ್ಕೆ ನಮ್ಮಲ್ಲಿ ಶಕ್ತಿ ಯೋಜನೆ ಶುರುವಾಯಿತಲ್ಲ, ಬಸ್ ಪುಕ್ಕಟೆಯಾದ ಮೇಲೆ ಹೆಂಗಸರು ಕೆಲಸಕ್ಕೆ ಹೋಗುವುದು ಹೆಚ್ಚಿತೇ?

"ಅದನ್ನ ನನ್ನನ್ನೇ ಕೇಳಬಾರದಾ?" ಅಂದಳು ತಂಗಿ. ಪರ್ಸಿನಲ್ಲಿ ಸೊನ್ನೆ ರೂಪಾಯಿಯ ಟಿಕೆಟ್ಟುಗಳನ್ನು ದೇವರ ಪ್ರಸಾದದ ಹಾಗೆ ಮಡಿಸಿಟ್ಟಿದ್ದಳು.

"ನೀನು ಬರೀ ಒಂದು ಅಬ್ಸರ್ವೇಶನ್ ಅಮ್ಮ."

"ಧರ್ಮಸ್ಥಳಕ್ಕೆ ಹೋಗಿ ಬಂದಿದೀನಿ. ಅದು ಕೆಲಸ ಅಲ್ವಾ?"

ಬಸ್ ಹತ್ತುವ ಹೆಂಗಸರನ್ನೇ ಕೇಳಿದರೆ ಅದು ಅರ್ಥಶಾಸ್ತ್ರ ಆಗುವುದಿಲ್ಲವಂತೆ. "ಐಡೆಂಟಿಫಿಕೇಶನ್ ಏನು ಅಂತ ಕೇಳ್ತಾರೆ ಮಾವ, ಅಲ್ಲೇ ಎಲ್ಲರೂ ಬೀಳೋದು." ಬ್ಯಾಂಕಿನವನ ಬಾಯಿಂದ ಸಹಜವಾಗಿ ಬಂತು: "ಆಧಾರ್ ಕಾರ್ಡು. ಕಂಡಕ್ಟರೂ ಅದನ್ನೇ ಕೇಳೋದು." ಪುಟ್ಟ ಕಣ್ಣು ಮುಚ್ಚಿಕೊಂಡು ವಿವರಿಸಿದ. ಬಸ್ಸಿನಿಂದಲೇ ಕೆಲಸ ಹೆಚ್ಚಿತು ಎಂದು ತೋರಿಸಬೇಕಾದರೆ, ಬಸ್ ಪುಕ್ಕಟೆಯಿಲ್ಲದ, ಮಿಕ್ಕೆಲ್ಲದರಲ್ಲೂ ನಮ್ಮಂಥದೇ ಊರು ಬೇಕು. ರಾಯಚೂರಿನ ಈಚೆಗೆ ನಮ್ಮ ಹಳ್ಳಿ, ಗಡಿಯ ಆಚೆಗೆ ತೆಲಂಗಾಣದ ಹಳ್ಳಿ. ಮಳೆ ಒಂದೇ, ಬೆಳೆ ಒಂದೇ, ಬಸ್ ಮಾತ್ರ ಬೇರೆ. ಎಂಥಾ ಚೆಂದದ ಉಪಾಯ! ಮೂರು ಪ್ಯಾರಾ ಬರೆದ. ಡಿಸೆಂಬರ್ 9ಕ್ಕೆ ತೆಲಂಗಾಣದ ಹೊಸ ಸರ್ಕಾರವೂ ಹೆಂಗಸರಿಗೆ ಬಸ್ ಪುಕ್ಕಟೆ ಮಾಡಿಬಿಟ್ಟಿತು. ಪುಟ್ಟನ ಗಡುವು 15.

"ಕಂಟ್ರೋಲ್ ಗ್ರೂಪೇ ಬಸ್ ಹತ್ತಿಬಿಡ್ತು ಮಾವ" ಎಂದು ಫೋನಿನಲ್ಲಿ ಅಳುವ ದನಿ. ಚುನಾವಣೆಯಲ್ಲಿ ಆ ಭರವಸೆ ಕೊಟ್ಟೇ ಗೆದ್ದದ್ದು ಎಂದು ಪೇಪರ್ ಓದುವ ನಮಗೆಲ್ಲ ಗೊತ್ತಿತ್ತು. ಅವನಿಗೆ ಪೇಪರ್ ಓದಲು ಪುರುಸೊತ್ತು ಎಲ್ಲಿ, ಎಸ್‌ಒಪಿ ತಿದ್ದುತ್ತಿದ್ದ.

ಇಷ್ಟಕ್ಕೂ ಆ ಸಾವಿರ ಪದದ ತೂಕ ಎಷ್ಟು? ಅಲ್ಲಿಯವರು ಮೊದಲು ನೋಡುವುದು ಗಣಿತದ ಅಂಕ, ರಿಯಲ್ ಅನಾಲಿಸಿಸ್ ಎಂಬ ಪೇಪರು, ಆಮೇಲೆ ಮೂರು ಶಿಫಾರಸು ಪತ್ರ. ಎಸ್‌ಒಪಿ ಓದಿ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ, ತೀರಾ ಕೆಟ್ಟದಾಗಿದ್ದರೆ ಬಿಡಬಹುದು ಅಷ್ಟೇ. ಇದನ್ನು ನನಗೆ ಹೇಳಿದವನು ಪುಟ್ಟನೇ. ಹೇಳಿ ಮತ್ತೆ ಹೋಗಿ ಅಲ್ಪವಿರಾಮ ಸರಿಮಾಡುತ್ತಾ ಕೂತ. ಸಮಯದ ಬೆಲೆ ಲೆಕ್ಕ ಹಾಕುವ ಶಾಸ್ತ್ರವೇ ಅವನದು. ಶಿಫಾರಸು ಪತ್ರದ ಕಥೆ ಚಿಕ್ಕದು: ಮೇಷ್ಟ್ರೊಬ್ಬರು "ನೀನೇ ಬರ್ಕೊಂಡು ಬಾ, ಕಳಿಸ್ತೀನಿ" ಅಂದರು. ಮೊದಲ ಸಾಲಿಗೆ ನಾಚಿಕೊಂಡ, ನಾಲ್ಕನೇ ಸಾಲಿಗೆ ತನ್ನ ಬಗ್ಗೆ ತನಗೇ ಗೌರವ ಬಂತು.

ಕೊನೆಯ ಪ್ಯಾರಾ 'ನಿಮ್ಮ ವಿಶ್ವವಿದ್ಯಾಲಯವೇ ಯಾಕೆ' ಎಂಬುದು. ಹನ್ನೆರಡು ಕಡೆಗೆ ಅರ್ಜಿ, ಒಂದೊಂದಕ್ಕೆ ನೂರು ಡಾಲರ್ ಆಸುಪಾಸು ಶುಲ್ಕ. ಹನ್ನೆರಡು ಮನೆಗೂ ಜಾತಕ ಕಳಿಸಿ, ಹನ್ನೆರಡು ಮನೆಗೂ "ನಿಮ್ಮ ಹುಡುಗಿಯೇ ನಮ್ಮ ಮನಸ್ಸಿನಲ್ಲಿರೋದು" ಎಂದು ಬರೆಯುವ ಕೆಲಸ. ಕಳೆದ ವರ್ಷ ಮಿಷಿಗನ್ನಿಗೆ ಹೋದ ಪತ್ರದಲ್ಲಿ ಮಿನೆಸೋಟದ ಮೇಲಿನ ಪ್ರೀತಿ ಹಾಗೇ ಉಳಿದುಹೋಗಿತ್ತು.

ಅಮೆರಿಕದ ಪೂರ್ವ ತೀರದಲ್ಲಿ 15ರ ರಾತ್ರಿ 11.59 ಅಂದರೆ ನಮಗೆ 16ರ ಬೆಳಿಗ್ಗೆ 10.29. ಆ ಬೆಳಿಗ್ಗೆ ತಂಗಿಯ ಮನೆಯಲ್ಲಿ ಮಿಕ್ಸಿ ಹಾಕುವ ಹಾಗಿಲ್ಲ. ಕರೆಂಟ್ ಹೋದರೆ ವೈಫೈ ಹೋಗುತ್ತದೆ ಎಂದು ದೇವರ ಮುಂದೆ ಎರಡು ದೀಪ. 10.27ಕ್ಕೆ ಪುಟ್ಟ ಒಂದು ಪದ ಬದಲಿಸಿದ. 10.28ಕ್ಕೆ ಹಳೆಯದೇ ಚೆನ್ನಾಗಿತ್ತು ಎಂದು ವಾಪಸ್ ಹಾಕಿದ.

ಮೂರು ವರ್ಷದ ಫಲಿತಾಂಶ: ವಿಷಾದಪತ್ರಗಳ ಒಂದು ಕಟ್ಟು, ಒಂದು ವೇಟಿಂಗ್ ಲಿಸ್ಟ್. ಅದು ಏಪ್ರಿಲ್ 15ರವರೆಗೆ ಜೀವ ಹಿಡಿದುಕೊಂಡಿದ್ದು ಆರಿಹೋಯಿತು. ಮುಂದಿನ ಅಕ್ಟೋಬರಿಗೆ ಸ್ಟಾಕ್‌ಹೋಮಿನಿಂದ ಯಾವ ಹೆಸರು ಬರುತ್ತದೋ ಗೊತ್ತಿಲ್ಲ, ಪುಟ್ಟನ ಹತ್ತಿರ ಹೊಸ ಬಾಲ್ಯ ಉಳಿದಿಲ್ಲ. ಓದುಗರಲ್ಲಿ ಯಾರ ಬಳಿಯಾದರೂ ಬಳಸದೆ ಇಟ್ಟದ್ದು ಒಂದಿದ್ದರೆ ದಯವಿಟ್ಟು ಡಿಸೆಂಬರ್ 15ರೊಳಗೆ ತಿಳಿಸಿ. ಅದರಲ್ಲಿ ಎಮ್ಮೆ ಇದ್ದರೆ ಉತ್ತಮ.