ಸಾಮಾನು ಹುಬ್ಬಳ್ಳಿಯಿಂದ ಬರಬೇಕ್ರಿ

ನಮ್ಮ ಕಡೆ ನೆಂಟಸ್ತಿಕೆ ಮಾತಾಡುವಾಗ ತೋಟ ಎಷ್ಟು ಎಕರೆ, ಹುಡುಗನ ನೌಕರಿ ಎಲ್ಲಿ ಎನ್ನುವುದರ ಜೊತೆಗೆ ಈಗ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: “ನಿಮ್ಮ ಮಷಿನ್ ರಿಪೇರಿಗೆ ಎಲ್ಲಿ ಕೊಡ್ತೀರಿ?” ಉತ್ತರದಲ್ಲಿ ನಮ್ಮ ಮಿಸ್ತ್ರಿಯ ಹೆಸರು ಬಂದರೆ ಎರಡೂ ಕಡೆಯವರು ಅರೆಗಳಿಗೆ ಸುಮ್ಮನಾಗಿ, ಆಮೇಲೆ ಒಟ್ಟಿಗೇ ನಗುತ್ತಾರೆ. ಒಂದೇ ಕಷ್ಟ ಉಂಡವರು. ಇನ್ನು ಜಾತಕ ನೋಡುವುದೆಲ್ಲ ಶಾಸ್ತ್ರಕ್ಕೆ.

ಮಿಸ್ತ್ರಿಯ ಹೆಸರು ನಾನು ಹೇಳುವವನಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಈ ನಾಲ್ಕರಲ್ಲಿ ಎಲ್ಲೋ ಒಂದು ಕಡೆ ಇದ್ದಾನೆ ಎಂದುಕೊಳ್ಳಿ. ನಾಲ್ಕೂ ತಾಲೂಕಿನವರು ಓದಿ “ಇದು ನಮ್ಮವನೇ” ಎನ್ನುತ್ತಾರೆಂಬ ಧೈರ್ಯ ನನಗಿದೆ.

ಅವನಿಗೆ ಬಿಡುವು ಎಂಬುದಿಲ್ಲ, ಪಾಪ. ಬೇಸಿಗೆಯಲ್ಲಿ ಹಳಿಯಾಳದ ಕಬ್ಬಿನವರು ಸುಟ್ಟ ಮೋಟಾರು ತಂದು ಇಳಿಸುತ್ತಾರೆ. ಮೇ ಮುಗಿಯುವ ಹೊತ್ತಿಗೆ ಜೋಯಿಡಾದ ಅಡಿಕೆಯವರು ಔಷಧಿ ಪಂಪು ಹೊತ್ತು ಬಂದರು. ಮಳೆ ಹಿಡಿದರೆ ಹುಲ್ಲು ಹೊಡೆಯುವ ಮಷಿನ್‌ಗಳ ಪಾಳಿ. ದಸರಾ ದಾಟಿದರೆ ಮುಂಡಗೋಡದವರ ಗೋವಿನಜೋಳದ ಮಷಿನ್ ಎಲ್ಲೋ ಕಚ್ಚಿ ನಿಂತಿರುತ್ತದೆ. ನಡುನಡುವೆ ಮೂರು ದಿನ ಸಾಲು ರಜೆ ಬಂತೆಂದರೆ ದಾಂಡೇಲಿಯ ಹೋಂಸ್ಟೇದವರು ಜನರೇಟರ್ ಕೆಟ್ಟಿತೆಂದು ಫೋನಿನ ಮೇಲೆ ಫೋನು. ರಾಫ್ಟಿಂಗ್ ಮಾಡಿ ಒದ್ದೆಯಾಗಿ ಬಂದ ಬೆಂಗಳೂರಿನವರಿಗೆ ಬಿಸಿನೀರು ಬೇಕು, ಮೊಬೈಲಿಗೆ ಚಾರ್ಜು ಬೇಕು. ಮಿಸ್ತ್ರಿ ಎಲ್ಲರಿಗೂ “ಆಗ್ತೈತ್ರಿ” ಎನ್ನುತ್ತಾನೆ. ಆಗುವುದಿಲ್ಲ ಎಂದು ಯಾರಿಗಾದರೂ ಹೇಳಿದ್ದನ್ನು ನಾನು ಕಂಡಿಲ್ಲ. ಇಷ್ಟು ಮರ್ಯಾದಸ್ತ ಮನುಷ್ಯನಾಗಿರದೆ ಸ್ವಲ್ಪ ಒರಟನಾಗಿದ್ದರೆ ನಮಗೆಲ್ಲ ಎಷ್ಟೋ ಪೆಟ್ರೋಲು ಉಳಿಯುತ್ತಿತ್ತು.

ಹೊರಗಿನವರಿಗೆ ಇದರ ಬಿಸಿ ಗೊತ್ತಾಗುವುದಿಲ್ಲ, ಅದಕ್ಕೆ ಹೇಳುತ್ತೇನೆ. ಅಡಿಕೆಗೆ ಕೊಳೆರೋಗ ಬರಬಾರದೆಂದರೆ ಮಳೆಗೆ ಮುಂಚೆ ಒಮ್ಮೆ ಬೋರ್ಡೋ ಹೊಡೆಯಬೇಕು, ನಲವತ್ತು-ನಲವತ್ತೈದು ದಿನ ಬಿಟ್ಟು ಹೊಳವಾದಾಗ ಇನ್ನೊಮ್ಮೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಕಲಸಿದ್ದು ಅದೇ ದಿನ ಖರ್ಚಾಗಬೇಕು, ನಾಳೆಗೆ ಬರುವುದಿಲ್ಲ. ಈಗ ನೋಡಿ: ಜುಲೈ ತಿಂಗಳು, ಅಪರೂಪಕ್ಕೆ ಬಿಸಿಲು, ಇನ್ನೂ ಅಪರೂಪಕ್ಕೆ ಕೊನೆಗೌಡ ಹೇಳಿದ ದಿನವೇ ಬಂದು ಮರ ಏರಿದ್ದಾನೆ. ಬ್ಯಾರಲ್ ತುಂಬ ನೀಲಿ ಔಷಧಿ ತಯಾರು. ಪಂಪು ಎರಡು ಸಲ ಕೆಮ್ಮಿ ನಿಂತಿತು. ಮೇಲಿನಿಂದ ಕೊನೆಗೌಡ ಕೇಳುತ್ತಾನೆ, “ಒಡೆಯಾ, ಇಳಿಯೂದೋ, ಇಲ್ಲೇ ಕೂರೂದೋ?”

ಪಂಪನ್ನು ಜೀಪಿಗೆ ಹಾಕಿಕೊಂಡು ಅಂಗಡಿಗೆ ಬಂದಿರೋ, ಮೊದಲು ವಿಚಾರಣೆ. ತಪ್ಪು ಯಾವತ್ತೂ ಗಿರಾಕಿಯದು. ಹುಲ್ಲಿನ ಮಷಿನ್ ಆದರಂತೂ ತೀರ್ಪು ಮೊದಲೇ ಬರೆದಿಟ್ಟಿರುತ್ತದೆ. ಕೆಲವಕ್ಕೆ ಲೀಟರ್ ಪೆಟ್ರೋಲಿಗೆ 40 ಎಂಎಲ್ ಎಣ್ಣೆ, ಕೆಲವಕ್ಕೆ 20 ಸಾಕು. ಪ್ಲಗ್ ಕರಿ ಹಿಡಿದಿದ್ದರೆ “ಆಯಿಲ್ ಜಾಸ್ತಿ ಹಾಕೀರಿ”. ಪಿಸ್ಟನ್ ಹಿಡಿದಿದ್ದರೆ “ಆಯಿಲ್ ಕಮ್ಮಿ ಹಾಕೀರಿ”. ಅಳತೆ ಸರಿಯಾಗಿಯೇ ಇತ್ತೆಂದು ನಾವು ಹಟ ಹಿಡಿದರೆ “ಹಂಗಾರ ಆಯಿಲ್ ಡೂಪ್ಲಿಕೇಟ್ ಇರಬೇಕ್ರಿ”. ಆಮೇಲೆ ರಟ್ಟಿನ ಚೂರಿನ ಮೇಲೆ ಹೆಸರು ಬರೆದು ಮಷಿನ್‌ಗೆ ಕಟ್ಟುತ್ತಾನೆ. ‘ಹೆಗಡೆ, ಜೋಯಿಡಾ’. ‘ದೇಸಾಯಿ, ಜೋಯಿಡಾ’. ಜೋಯಿಡಾ ತಾಲೂಕಿನಲ್ಲಿ ದೇಸಾಯರೆಷ್ಟು, ಘಟ್ಟದ ಮೇಲೆ ಹೆಗಡೆ-ಭಟ್ಟರೆಷ್ಟು! ವಾರದೊಳಗೆ ಎಣ್ಣೆ ಕುಡಿದು ಆ ಚೀಟಿಯೂ ಮಾಸಿ, ಮೂಲೆಯಲ್ಲಿ ಸಾಲಾಗಿ ಒರಗಿದ ಮಷಿನ್‌ಗಳೆಲ್ಲ ಗೋತ್ರ ಕಳೆದುಕೊಂಡು ನಿಲ್ಲುತ್ತವೆ.

ನನ್ನ ಮಷಿನ್‌ನ ಸ್ಟಾರ್ಟರ್ ಹಗ್ಗ ಹರಿದಿತ್ತು, ಅಷ್ಟೆ. ಹೋದಾಗ ಮಿಸ್ತ್ರಿ ನಗುತ್ತ ಎದುರುಗೊಂಡ.

“ಬರ್ರಿ ಭಟ್ರ. ನಿಮ್ಮದು ರೆಡಿ ಐತ್ರಿ. ಕಾಯಿಲ್ ಒಂದು ಹಾಕೂದು ಬಾಕಿ. ಸಾಮಾನು ಹುಬ್ಬಳ್ಳಿಯಿಂದ ಬರಬೇಕ್ರಿ.”

“ಕಾಯಿಲ್ ಸರಿ ಇತ್ತಲ್ಲ ಮಾರಾಯಾ? ಹಗ್ಗ ಮಾತ್ರ ಹರಿದದ್ದು.”

“ಸರಿ ಇತ್ತಂತನ ಕುಂಬಾರವಾಡದವರ ಮಷಿನಿಗೆ ಹಾಕಿ ಕೊಟ್ಟೇನ್ರಿ. ಅವರದು ಭಾಳ ಅರ್ಜೆಂಟ್ ಇತ್ತು.”

ಹೀಗೆ ಅಂಗಾಂಗ ದಾನ ಮಾಡಿದ ಪುಣ್ಯ ನಮ್ಮದಾಗುತ್ತದೆ, ನಮಗೇ ಗೊತ್ತಿಲ್ಲದೆ. ಕಾಯಿಲ್ ಕುಂಬಾರವಾಡಕ್ಕೆ, ಕ್ಲಚ್ ಗುಂದಕ್ಕೆ, ಭುಜದ ಬೆಲ್ಟು ಎಲ್ಲಿಗೋ. ಪಕ್ಕದ ಗುಡ್ಡದಿಂದ ಮಷಿನ್ ಸದ್ದು ಬಂದರೆ ನನ್ನ ಹೆಂಡತಿ, “ಕೇಳಿ, ನಿಮ್ಮದೇ ಏನೋ ಒಂದು ಅಲ್ಲಿ ದುಡಿತಾ ಇದ್ದು” ಎಂದು ಸಮಾಧಾನ ಹೇಳುತ್ತಾಳೆ.

ಇಷ್ಟಾದರೂ ಅವನು ಕೆಲಸಕ್ಕೆ ಕೂತಾಗ ನೋಡಬೇಕು. ಕಾರ್ಬೊರೇಟರ್ ಅಂದರೆ ಮುಷ್ಟಿಯೊಳಗೆ ಹಿಡಿಸುವ ವಸ್ತು. ನಾಲ್ಕು ಸ್ಕ್ರೂ ಬಿಚ್ಚಿ ಚಹಾದ ಗ್ಲಾಸಿಗೆ ಹಾಕುತ್ತಾನೆ. ಒಳಗಿನ ತೆಳು ರಬ್ಬರ್ ಪದರವನ್ನು ಉಗುರಿನಲ್ಲಿ ಎಬ್ಬಿಸಿ ಬೆಳಕಿಗೆ ಹಿಡಿಯುತ್ತಾನೆ. ಸೆಟೆದಿದ್ದರೆ ಕಿವಿಯ ಹತ್ತಿರ ಮಡಚಿದಾಗ ಸಣ್ಣಗೆ ಚಟಗುಡುತ್ತದಂತೆ. ಸೂಜಿಯಂಥ ತಂತಿಯನ್ನು ಜೆಟ್‌ನ ತೂತಿಗೆ ತೂರಿಸಿ, ಬಾಯಿಟ್ಟು ಊದಿ, ಆಚೆ ಕಡೆ ಹೆಬ್ಬೆರಳಿಗೆ ಗಾಳಿ ತಗುಲಿತೋ ಎಂದು ಕಣ್ಣು ಮುಚ್ಚಿ ನೋಡುತ್ತಾನೆ. ಆಗ ಅವನನ್ನು ಯಾರೂ ಮಾತಾಡಿಸಬಾರದು, ಅವನೂ ಆಡುವುದಿಲ್ಲ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಯಾವ ವಾರ ಬರುತ್ತದೆ ಎನ್ನುವುದೊಂದೇ ತಂಟೆ.

ಇತ್ತೀಚೆಗೆ ಅವನಿಗೆ ಹೊಸ ಆರೋಪಿಯೂ ಸಿಕ್ಕಿದೆ. 2023ರಿಂದ ಬಂಕುಗಳಿಗೆ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಬರತೊಡಗಿತಲ್ಲ. ಎಥನಾಲಿಗೆ ನೀರೆಂದರೆ ಪ್ರಾಣ. ನಮ್ಮ ಮಳೆಗಾಲದ ಗಾಳಿಯಿಂದ ತೇವ ಎಳೆದುಕೊಂಡು, ಹೆಚ್ಚಾದರೆ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳ ಸೇರುತ್ತದೆ. ಸೆಪ್ಟೆಂಬರಿನಲ್ಲಿ ಕೊಟ್ಟಿಗೆಯ ಅಟ್ಟಕ್ಕೆ ಎಸೆದ ಮಷಿನ್ ಮೇ ತಿಂಗಳಲ್ಲಿ ಇಳಿದಾಗ ಒಳಗೆ ಅಂಟು ಅಂಟು. ಟ್ಯಾಂಕ್ ಖಾಲಿ ಮಾಡಿ, ಮಷಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಇಟ್ಟರೆ ಅರ್ಧ ಕಾಯಿಲೆ ಬರುವುದೇ ಇಲ್ಲ. ಇದನ್ನು ಹೇಳಿಕೊಟ್ಟವನೂ ಅವನೇ. ತನ್ನ ಹೊಟ್ಟೆಯ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವಷ್ಟು ಒಳ್ಳೆಯವನು, ಏನು ಮಾಡುವುದು! ಮಾತು ಮುಗಿಸುವಾಗ ಮಾತ್ರ ಒಂದು ಕುಟುಕು: “ಕಬ್ಬು ಬೆಳೆಯೋರೂ ನೀವ, ಎಥನಾಲ್ ಕುಡಿದು ಕೆಟ್ಟ ಮಷಿನ್ ತರೋರೂ ನೀವ. ನನ್ನ ಮ್ಯಾಲ್ ಯಾಕ ಸಿಟ್ಟು?” ನಾನು ಅಡಿಕೆಯವನು ಎಂದರೂ ಬಿಡಲಿಲ್ಲ.

ಹಾಗಾದರೆ ಕೋರ್ಟಿಗೆ ಹೋಗಿ ಎನ್ನುತ್ತಾರೆ ಪೇಟೆಯ ನೆಂಟರು. ಕಾಯ್ದೆ ಗಟ್ಟಿಯಾಗಿಯೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ರಿಪೇರಿಯೂ ಸೇವೆಯೇ, ಸೇವೆ ಕೆಟ್ಟರೆ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಜಿಲ್ಲಾ ಆಯೋಗ ಇರುವುದು ಕಾರವಾರದಲ್ಲಿ, ಅಣಶಿ ಘಟ್ಟ ಇಳಿದು ಹೋಗಬೇಕು. ಈಗ ಆನ್‌ಲೈನ್‌ನಲ್ಲೂ ಕೊಡಬಹುದಂತೆ. ಅದಕ್ಕೆ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಬೇಕು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ರಿಪೇರಿಯ ಹಕ್ಕು’ ಎಂದು ಒಂದು ಪೋರ್ಟಲ್ಲನ್ನೇ ತೆರೆಯಿತು; ಅದರಲ್ಲಿ ವಾಹನ, ಮೊಬೈಲು, ಮನೆಬಳಕೆ ಸಾಮಾನಿನ ಜೊತೆ ಕೃಷಿ ಉಪಕರಣಕ್ಕೂ ಜಾಗ ಕೊಟ್ಟಿದ್ದಾರೆ. ಎಲ್ಲ ಸರಿ. ಗೆದ್ದೆ ಅಂತಲೇ ಇಟ್ಟುಕೊಳ್ಳಿ, ಪರಿಹಾರವೂ ಬಂತು. ಬರುವ ಜುಲೈನಲ್ಲಿ ಪಂಪು ಕೆಮ್ಮಿದರೆ ಅದನ್ನು ಯಾರ ಹತ್ತಿರ ಒಯ್ಯಲಿ? ಆಯೋಗದ ಅಧ್ಯಕ್ಷರು ಕಾರ್ಬೊರೇಟರ್ ಬಿಚ್ಚುತ್ತಾರೆಯೇ?

ಸರ್ಕಾರದ ಲೆಕ್ಕವೂ ತಮಾಷೆಯದೇ. ಯಂತ್ರ ಕೊಳ್ಳಲು ಸಾಮಾನ್ಯ ರೈತರಿಗೆ ಶೇಕಡಾ 50, ಪರಿಶಿಷ್ಟರಿಗೆ ಶೇಕಡಾ 90 ಸಹಾಯಧನ ಉಂಟು. ರಿಪೇರಿಗೆ ಬಿಡಿಗಾಸಿಲ್ಲ. ಹೀಗಾಗಿ ಊರಿಗೆ ಮಷಿನ್ ಹೆಚ್ಚುತ್ತಲೇ ಇದೆ, ಮಿಸ್ತ್ರಿ ಒಬ್ಬನೇ. ಕೆಲಸ ಕಲಿಸುವವರಿಲ್ಲ ಅಂತಲ್ಲ. ಹಳಿಯಾಳದ ದೇಶಪಾಂಡೆ ಆರ್‌ಸೆಟಿಯಂಥ ಕಡೆ ಹುಡುಗರಿಗೆ ಊಟ ಹಾಕಿ ತರಬೇತಿ ಕೊಡುತ್ತಾರೆ. ಕೈ ಪಳಗಿದ ಹುಡುಗರಿಗೆ ಗೋವಾ ಹತ್ತಿರ.

ಮೊನ್ನೆ ಹೋದಾಗ ಅಂಗಡಿಯ ಬಾಗಿಲಲ್ಲೇ ಹಸಿರು ಬಣ್ಣದ ಹೊಸ ಮಷಿನ್ ಒಂದನ್ನು ನಿಲ್ಲಿಸಿದ್ದ. ಬ್ಯಾಟರಿಯದು.

“ಇದರಾಗ ಪೆಟ್ರೋಲ್ ಇಲ್ಲ, ಆಯಿಲ್ ಇಲ್ಲ, ಕಾರ್ಬೊರೇಟರ್ ಇಲ್ಲ. ಕೆಡೂದ ಇಲ್ರಿ ಭಟ್ರ. ಒಂದು ಒಯ್ರಿ.”

ಸೂಪಾ ಅಣೆಕಟ್ಟಿಗೆ ಹಳೇ ಸೂಪಾ ಪೇಟೆಯನ್ನೇ ಮುಳುಗಿಸಲು ಕೊಟ್ಟ ತಾಲೂಕು ನಮ್ಮ ಜೋಯಿಡಾ. 145 ಟಿಎಂಸಿಗೂ ಮಿಕ್ಕಿ ನೀರು ನಿಲ್ಲಿಸಿ, ನಾಗಝರಿಯಲ್ಲಿ ಆರು ಯಂತ್ರ ತಿರುಗಿಸಿ ರಾಜ್ಯಕ್ಕೆಲ್ಲ ಕರೆಂಟು ಕೊಡುತ್ತೇವೆ. ಜೂನಿನಲ್ಲಿ ಒಂದು ಗಾಳಿ ಬೀಸಿ ತಂತಿಯ ಮೇಲೆ ಮರ ಬಿತ್ತೋ, ನಮ್ಮ ಮನೆಯಲ್ಲಿ ಚಿಮಣಿ ಬುಡ್ಡಿ.

“ಅಲ್ಲಾ ಮಾರಾಯಾ, ಮಳೆಗಾಲದಲ್ಲಿ ಇದನ್ನ ಚಾರ್ಜ್ ಮಾಡೂದು ಹೇಗೆ?”

ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಮೂಲೆಯ ಕಡೆ ಗಲ್ಲ ಎತ್ತಿದ. ಅಲ್ಲಿ ಒಂದು ಜನರೇಟರ್ ಇತ್ತು. “ಅದನ್ನೂ ಒಯ್ರಿ. ಕಾಯಿಲ್ ಒಂದು ಹಾಕೂದು ಬಾಕಿ ಐತಿ.”