ಕಳ್ಳ ಮಹಾಶಯರ ಸನ್ನಿಧಾನಕ್ಕೆ

ಇವರಿಗೆ,
ಮಡಿವಾಳ, ತಾವರೆಕೆರೆ, ಬಿಟಿಎಂ ಬಡಾವಣೆ ಹಾಗೂ ಸುತ್ತಮುತ್ತ ರಾತ್ರಿ ಪಾಳಿಯಲ್ಲಿ ಕರ್ತವ್ಯನಿರತರಾಗಿರುವ ಸಮಸ್ತ ಕಳ್ಳ ಮಹಾಶಯರು.

ವಿಷಯ: ಮನೆ ಕಾಯಲು ಬಂದೂಕು ಇಟ್ಟುಕೊಳ್ಳಲಿರುವ ಗೃಹಸ್ಥರೊಂದಿಗೆ ಸಹಕರಿಸುವ ಕುರಿತು.

ಉಲ್ಲೇಖ: ಶಸ್ತ್ರಾಸ್ತ್ರ ಕಾಯ್ದೆ 1959, ಶಸ್ತ್ರಾಸ್ತ್ರ ನಿಯಮಗಳು 2016, ಭಾರತೀಯ ನ್ಯಾಯ ಸಂಹಿತೆ 2023, ಕಲಂ 34ರಿಂದ 44.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಕಳ್ಳ ಮಹಾಶಯರ ಗಮನಕ್ಕೆ ತರುವುದೇನೆಂದರೆ, ಮಡಿವಾಳ ಮಾರ್ಕೆಟ್ಟಿನ ಹಿಂದಿನ ಬೀದಿಯ ಗೃಹಸ್ಥನೊಬ್ಬ ಬಂದೂಕು ಕೊಳ್ಳುವ ತೀರ್ಮಾನಕ್ಕೆ ಬಂದಿದ್ದಾನೆ. ಹೆಸರು ಬೇಡ, ಇಂಥವರು ಇಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಮೂವತ್ತು–ನಲವತ್ತರ ಸೈಟು, ಕೆಳಗೆ ಎರಡು ಅಂಗಡಿ, ನಡುವೆ ತನ್ನ ಸಂಸಾರ, ಮೇಲೆ ಎರಡು ಮಹಡಿ ಪಿಜಿ. ಹಬ್ಬಕ್ಕೆಂದು ಊರಿಗೆ ಹೋಗಿದ್ದ ಎದುರುಮನೆಯವರು ವಾಪಸು ಬಂದು ನೋಡಿದರೆ ಬೀರು ಬಾಯಿ ತೆರೆದಿತ್ತು. ಅಂದಿನಿಂದ ಗೃಹಸ್ಥನಿಗೆ ನಿದ್ದೆಯಿಲ್ಲ. ರಾತ್ರಿಯೆಲ್ಲ ಮೊಬೈಲಿನಲ್ಲಿ ಪಿಸ್ತೂಲುಗಳ ವಿಡಿಯೊ ನೋಡಿ ಅರ್ಧ ಪಂಡಿತನಾಗಿದ್ದಾನೆ. ಉಳಿದರ್ಧ ಪಾಂಡಿತ್ಯಕ್ಕೆ ಕಳ್ಳ ಮಹಾಶಯರ ಸಹಕಾರ ಬೇಕಾಗಿದೆ.

ಮೊದಲಿಗೆ ಲೈಸೆನ್ಸು. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ ಕೊಟ್ಟರೆ ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್ ಕೊಡಬೇಕು. ನಮೂನೆ ಎ-1ರಲ್ಲಿ ಅರ್ಜಿ, ಬಂದೂಕು ಹಿಡಿಯುವ ತರಬೇತಿ ಮುಗಿಸಿದ ಪ್ರಮಾಣಪತ್ರ, ಮೈಯೂ ಮನಸ್ಸೂ ನೆಟ್ಟಗಿವೆ ಎಂಬ ವೈದ್ಯರ ಪತ್ರ, ಭದ್ರವಾಗಿ ಇಟ್ಟುಕೊಳ್ಳುತ್ತೇನೆಂಬ ಮುಚ್ಚಳಿಕೆ. ಇಷ್ಟಾದ ಮೇಲೆ ಠಾಣೆಯಿಂದ ವಿಚಾರಣೆ: ಅಪಾಯ ಯಾರಿಂದ? ಎಂದಿನಿಂದ? ದೂರು ಕೊಟ್ಟಿದ್ದೀರಾ? ಗೃಹಸ್ಥ ಎಡವಿದ್ದು ಇಲ್ಲೇ. ‘ಸುಮ್ಮನೆ ಭಯ’ ಎಂಬುದಕ್ಕೆ ಅರ್ಜಿಯಲ್ಲಿ ಕಾಲಂ ಇಲ್ಲ. ಆದಕಾರಣ ಮಹಾಶಯರಲ್ಲಿ ಯಾರಾದರೊಬ್ಬರು ಛಾಪಾಕಾಗದದ ಮೇಲೆ ಬೆದರಿಕೆ ಪತ್ರವೊಂದನ್ನು ಬರೆದು, ನೋಟರಿ ಮಾಡಿಸಿ, ಎರಡು ಜೆರಾಕ್ಸ್ ಸಮೇತ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದರೆ ಉಪಕಾರವಾದೀತು.

ಬಂದೂಕು ಇಟ್ಟುಕೊಳ್ಳುವುದು ಮೂಲಭೂತ ಹಕ್ಕು ಎಂದು ವಾದಿಸೋಣವೆಂದರೆ ಅದಕ್ಕೂ ದಾರಿಯಿಲ್ಲ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಮತ್ತು ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ, ಅಮೆರಿಕದ ಸಂವಿಧಾನದಲ್ಲಿರುವಂಥ ಹಕ್ಕು ನಮ್ಮದರಲ್ಲಿ ಇಲ್ಲ ಎಂದು ಬಿಡಿಸಿ ಹೇಳಿಬಿಟ್ಟಿದೆ. ಗೃಹಸ್ಥ ನೋಡಿದ ವಿಡಿಯೊಗಳೆಲ್ಲ ಅಮೆರಿಕದವು.

ಇನ್ನು ಆಯ್ಕೆ. ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ರಕ್ಷಣೆ ಎಂದೊಡನೆ ನೆನೆಯುವುದು ನಳಿಗೆ 20 ಇಂಚಿಗೆ ಕಡಿಮೆಯಿಲ್ಲದ ಬಂದೂಕನ್ನು. ಎಂದರೆ ತಾತಂದಿರ ಕಾಲದ ಹನ್ನೆರಡು ಬೋರಿನ ಜೋಡುನಳಿಗೆ. ಗದ್ದೆಯ ಬದುವಿನ ಮೇಲೆ ಅದು ಒಪ್ಪುತ್ತದೆ. ಗೃಹಸ್ಥನ ಮನೆಯೊಳಗಿನ ಓಣಿಯ ಅಗಲ ಮೂರಡಿ. ಅಲ್ಲಿ ಆ ಬಂದೂಕನ್ನು ಎಡಕ್ಕೆ ತಿರುಗಿಸಿದರೆ ಫ್ರಿಜ್ಜು, ಬಲಕ್ಕೆ ತಿರುಗಿಸಿದರೆ ದೇವರಮನೆ. ನಳಿಗೆಯನ್ನು ಗರಗಸದಲ್ಲಿ ಒಂದಿಷ್ಟು ಮೊಟಕು ಮಾಡಿಸೋಣವೆಂದರೆ ಅದು 6ನೇ ಕಲಮಿನ ಪ್ರಕಾರ ಅಪರಾಧ.

ಹಾಗಾಗಿ ರಿವಾಲ್ವರ್. ಇದರಲ್ಲಿ ನಮ್ಮ ಸರ್ಕಾರವೇ ಹಳೆಯ ವ್ಯಾಪಾರಿ. ದೆಹಲಿಯ ನಿರ್ಭಯಾ ಪ್ರಕರಣದ ನಂತರ, 2014ರ ಜನವರಿಯಲ್ಲಿ, ಕಾನ್ಪುರದ ಆರ್ಡನೆನ್ಸ್ ಕಾರ್ಖಾನೆ ಹೆಂಗಸರಿಗೆಂದೇ ‘ನಿರ್ಭೀಕ್’ ಎಂಬ .32 ರಿವಾಲ್ವರ್ ಬಿಟ್ಟಿತು. ತೂಕ ಅರ್ಧ ಕಿಲೋ, ಬೆಲೆ 1,22,360 ರೂಪಾಯಿ, ಜೊತೆಗೆ ಒಡವೆ ಇಡುವಂಥ ಮರೂನ್ ಬಣ್ಣದ ಪೆಟ್ಟಿಗೆ. ಮಡಿವಾಳದಿಂದ ಸಿಲ್ಕ್ ಬೋರ್ಡಿಗೆ ರಾತ್ರಿ ಹತ್ತಕ್ಕೆ ಬಸ್ಸಿಗೆ ಕಾಯುವ ಗಾರ್ಮೆಂಟ್ಸ್ ಹುಡುಗಿಗೆ ಇದು ಎಷ್ಟು ತಿಂಗಳ ಸಂಬಳ ಎಂಬ ಲೆಕ್ಕ ಪೆಟ್ಟಿಗೆಯೊಳಗೆ ಇರಲಿಲ್ಲ. 2023ರ ಆಗಸ್ಟಿನಲ್ಲಿ ಅದೇ ಕಾನ್ಪುರದಿಂದ ‘ಪ್ರಬಲ್’ ಬಂತು; ಅದರ ಗುಂಡಿನ ವ್ಯಾಪ್ತಿ 50 ಮೀಟರು ಎಂದು ಜಾಹೀರಾತು ಹೆಮ್ಮೆಪಟ್ಟಿತು. ಮೂವತ್ತು–ನಲವತ್ತರ ಸೈಟಿನಲ್ಲಿ 50 ಮೀಟರೆಂದರೆ ನಾಲ್ಕು ಮನೆ ದಾಟಿದಂತೆ. ಕಳ್ಳ ಗೃಹಸ್ಥನ ನಡುಮನೆಯಲ್ಲಿ ನಿಂತಿರುವಾಗ ನಾಲ್ಕನೇ ಮನೆಯವರು ಮಾಡಿದ ತಪ್ಪೇನೆಂದು ಯಾರೂ ಕೇಳಲಿಲ್ಲ.

ತರಬೇತಿಯಲ್ಲಿ ಮೊದಲು ಕಲಿಸುವುದೂ ಇದನ್ನೇ. ಬಂದೂಕು ಹಿಡಿಯುವವರು ಜಗತ್ತಿನೆಲ್ಲೆಡೆ ಒಪ್ಪಿದ ನಾಲ್ಕು ಸೂತ್ರಗಳಿವೆ. ಯಾವ ಬಂದೂಕನ್ನು ಕಂಡರೂ ಒಳಗೆ ಗುಂಡಿದೆ ಎಂದೇ ತಿಳಿ. ಹೊಡೆಯಲು ಇಷ್ಟವಿಲ್ಲದ ಕಡೆಗೆ ನಳಿಗೆಯ ಬಾಯಿ ತಿರುಗಿಸಬೇಡ. ಗುರಿ ಹಿಡಿಯುವತನಕ ಕುದುರೆಯ ಮೇಲೆ ಬೆರಳಿಡಬೇಡ. ಗುರಿ ಯಾವುದು, ಗುರಿಯ ಹಿಂದೆ ಏನಿದೆ ಎಂಬುದು ಖಾತ್ರಿಯಾಗಲಿ. ಮೊದಲ ಮೂರನ್ನು ಗೃಹಸ್ಥ ಬಾಯಿಪಾಠ ಮಾಡಿದ. ನಾಲ್ಕನೆಯದಕ್ಕೆ ಬಂದಾಗ ಕಿಟಕಿಯಾಚೆ ನೋಡಿದ. ಕೈ ಚಾಚಿದರೆ ಸಿಗುವ ಪಕ್ಕದ ಪಿಜಿಯ ಬಾಲ್ಕನಿಯಲ್ಲಿ ಟವೆಲುಗಳು, ಅದರ ಹಿಂದೆ ಒಂದು ಕೋಣೆಗೆ ಮೂವರಂತೆ ಮಲಗಿದ ಹುಡುಗರು, ಅವರ ಹಿಂದೆ ಇನ್ನೊಂದು ಪಿಜಿ. ಇಡೀ ಮಡಿವಾಳದಲ್ಲಿ ಗುರಿಯ ಹಿಂದೆ ಯಾರೂ ಇಲ್ಲದ ಜಾಗವೆಂದರೆ ಕೆರೆ ಒಂದೇ. ಕಳ್ಳ ಮಹಾಶಯರು ದಯವಿಟ್ಟು ಕೆರೆಗೆ ಬೆನ್ನು ಮಾಡಿ ನಿಂತು ಕೈಂಕರ್ಯ ನಡೆಸಬೇಕಾಗಿ ವಿನಂತಿ.

ಇಟ್ಟುಕೊಳ್ಳುವ ರೀತಿಗೂ ಶಾಸ್ತ್ರವಿದೆ. ಬಂದೂಕು ಬೀಗ ಹಾಕಿದ ಬೀರುವಿನಲ್ಲಿ, ತೋಟಾಗಳು ಬೇರೆ ಕಡೆ ಇನ್ನೊಂದು ಬೀಗದಲ್ಲಿ, ಬೀಗದಕೈ ಮಕ್ಕಳ ಕಣ್ಣಿಗೆ ಬೀಳದಲ್ಲಿ. ಶಾಸ್ತ್ರ ಸರಿಯಾಗಿಯೇ ಇದೆ. ಆದರೆ ರಾತ್ರಿ ಎರಡು ಗಂಟೆಗೆ ಬಾಗಿಲು ಕಿರುಗುಟ್ಟಿದರೆ ಗೃಹಸ್ಥ ಎದ್ದು, ಕನ್ನಡಕ ಹುಡುಕಿ, ಹೆಂಡತಿಯ ಸೊಂಟದಿಂದ ಬೀಗದಕೈ ಕೇಳಿ ಪಡೆದು, ಬೀರು ತೆರೆದು, ಸೀರೆಗಳ ಕೆಳಗಿಂದ ರಿವಾಲ್ವರ್ ತೆಗೆದು, ಅಟ್ಟದ ಮೇಲಿನ ತೋಟಾಗಳಿಗೆ ಸ್ಟೂಲು ಹಾಕಿ, ಆರನ್ನೂ ತುಂಬಿಸಿ ಹಾಲಿಗೆ ಬರುವಷ್ಟರಲ್ಲಿ ಬಹಳ ಹೊತ್ತಾಗುತ್ತದೆ. ಅಲ್ಲಿಯವರೆಗೆ ಮಹಾಶಯರು ಸೋಫಾದಲ್ಲಿ ಕುಳಿತಿರಬೇಕು. ಫ್ಲಾಸ್ಕಿನಲ್ಲಿ ಕಾಫಿ ಇರುತ್ತದೆ.

ಶಾಸ್ತ್ರ ಬಿಟ್ಟು ಗುಂಡು ತುಂಬಿಯೇ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಮುಂಬೈಯ ನಟ ಗೋವಿಂದ ಸಾಕ್ಷಿ. 2024ರ ಅಕ್ಟೋಬರ್ 1ರ ಬೆಳಗಿನ ಜಾವ, ಕೋಲ್ಕತ್ತಾದ ವಿಮಾನ ಹಿಡಿಯುವ ಅವಸರದಲ್ಲಿ ಲೈಸೆನ್ಸ್ ಇದ್ದ ರಿವಾಲ್ವರನ್ನು ಬೀರುವಿನಲ್ಲಿ ಇಡಲು ಹೋದಾಗ ಅದು ಕೈಜಾರಿ, ಗುಂಡು ಸಿಡಿದು ಅವರ ಕಾಲಿಗೇ ಹೊಕ್ಕಿತು. ಆ ಮನೆಯಲ್ಲಿ ಆ ಹೊತ್ತು ಕಳ್ಳನಿರಲಿಲ್ಲ.

ನಮ್ಮಲ್ಲೇ ನಡೆದದ್ದು ನಗುವ ಸಂಗತಿಯಲ್ಲ. 2025ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕೋಳಿ ಫಾರ್ಮೊಂದರಲ್ಲಿ ಇಟ್ಟಿದ್ದ ಬಂದೂಕು ಹುಡುಗನೊಬ್ಬನ ಕೈಗೆ ಸಿಕ್ಕಿ, ಅಲ್ಲೇ ಕೆಲಸಕ್ಕಿದ್ದ ಬಂಗಾಳದ ಕುಟುಂಬದ ಪುಟ್ಟ ಮಗು ಸತ್ತಿತು. ಅಮೆರಿಕದ ಆರ್ಥರ್ ಕೆಲರ್‌ಮನ್ ಮತ್ತು ಸಂಗಡಿಗರು 1993ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಂದೂಕು ಇದ್ದ ಮನೆಗಳಲ್ಲಿ ಕೊಲೆಯ ಸಂಭವ ಇಲ್ಲದ ಮನೆಗಳಿಗಿಂತ 2.7 ಪಟ್ಟು ಕಂಡಿತ್ತು. ಕೊಂದವರಲ್ಲಿ ಹೆಚ್ಚಿನವರು ಮನೆಯವರು ಇಲ್ಲವೇ ಪರಿಚಯದವರು. ಈ ಪಟ್ಟಿಯಲ್ಲಿ ಕಳ್ಳ ಮಹಾಶಯರ ಪಾಲು ಕಡಿಮೆ ಎಂಬುದನ್ನು ಅವರ ಪರವಾಗಿ ದಾಖಲಿಸಲೇಬೇಕು.

ಎಲ್ಲ ಸುಸೂತ್ರವಾಗಿ, ಗೃಹಸ್ಥ ಕಳ್ಳನೆದುರು ರಿವಾಲ್ವರ್ ಹಿಡಿದು ನಿಂತ ಎನ್ನೋಣ. ಆಗ ಅವನು ನ್ಯಾಯ ಸಂಹಿತೆಯನ್ನು ನೆನೆಯಬೇಕು. 37ನೇ ಕಲಂ ಪ್ರಕಾರ ಪೊಲೀಸರನ್ನು ಕರೆಯಲು ಸಮಯವಿದ್ದರೆ ಆತ್ಮರಕ್ಷಣೆಯ ಹಕ್ಕು ಇಲ್ಲ. ಇದ್ದರೂ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಸ್ವತ್ತು ಉಳಿಸಲು ಪ್ರಾಣ ತೆಗೆಯುವಷ್ಟು ದೂರ ಹೋಗಬಹುದಾದ ಸಂದರ್ಭಗಳನ್ನು 41ನೇ ಕಲಂ ಎಣಿಸಿ ಇಟ್ಟಿದೆ: ಸುಲಿಗೆ, ಸೂರ್ಯಾಸ್ತದ ನಂತರ ಸೂರ್ಯೋದಯದ ಮುಂಚೆ ಮನೆಗನ್ನ, ವಾಸದ ಮನೆಗೆ ಬೆಂಕಿ, ಇಲ್ಲವೇ ಸಾವು ಅಥವಾ ತೀವ್ರ ಗಾಯದ ಭಯ ಹುಟ್ಟಿಸುವಂಥ ಕಳ್ಳತನ. ಹಗಲು ಹೊತ್ತು ತೆರೆದ ಬಾಗಿಲಿನಿಂದ ಬಂದು ಚಾರ್ಜಿಗಿಟ್ಟ ಮೊಬೈಲ್ ಎತ್ತಿಕೊಂಡು ಹೋಗುವ ಮಹಾಶಯರು ಈ ಪಟ್ಟಿಯಲ್ಲಿಲ್ಲ. ಮಡಿವಾಳದಲ್ಲಿ ಬಹುಪಾಲು ಅವರೇ. ಆದ್ದರಿಂದ ಗುಂಡಿಗೆ ಅರ್ಹರಾಗಬಯಸುವವರು ಪಂಚಾಂಗ ನೋಡಿ, ಸೂರ್ಯ ಮುಳುಗಿದ ಮೇಲೆ, ಬೀಗ ಮುರಿದೇ ಒಳಬರತಕ್ಕದ್ದು. ಗುಂಡು ಹಾರುವ ಮುನ್ನ ಬೆನ್ನು ತಿರುಗಿಸಿ ಓಡಲೂಬಾರದು. ಓಡುವವನ ಬೆನ್ನಿಗೆ ಗುಂಡು ಬಿದ್ದರೆ, ಆ ಕ್ಷಣದಲ್ಲಿ ಅಪಾಯವೇನಿತ್ತೆಂದು ಕೋರ್ಟಿಗೆ ವಿವರಿಸಬೇಕಾದವನು ಗೃಹಸ್ಥ.

ಅಲ್ಲಿಗೂ ಮುಗಿಯುವುದಿಲ್ಲ. ಮಹಜರು ಆಗುತ್ತದೆ. ಲಕ್ಷ ಕೊಟ್ಟು ಕೊಂಡ ರಿವಾಲ್ವರ್ ಸೀಲಾಗಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ. ರಾಜ್ಯದ ಎಫ್‌ಎಸ್‌ಎಲ್ ಇರುವುದು ಮಡಿವಾಳದಲ್ಲೇ. ಈ ಒಂದು ವಿಷಯದಲ್ಲಿ ಗೃಹಸ್ಥ ಅದೃಷ್ಟವಂತ. ಅಲ್ಲಿನವರು ಆ ಬಂದೂಕಿನಿಂದಲೇ ಪರೀಕ್ಷೆಗೆ ಗುಂಡು ಹಾರಿಸಿ, ನಳಿಗೆ ಗುಂಡಿನ ಮೈಮೇಲೆ ಗೀರಿದ ಗೆರೆಗಳನ್ನು ಜೋಡಿ ಸೂಕ್ಷ್ಮದರ್ಶಕದಲ್ಲಿ ಸ್ಥಳದಲ್ಲಿ ಸಿಕ್ಕ ಗುಂಡಿನ ಗೆರೆಗಳೊಂದಿಗೆ ಹೋಲಿಸುತ್ತಾರೆ.

ಇದೇ ಪ್ರಯೋಗಾಲಯದ ವರದಿ 2018ರಲ್ಲಿ ಇಡೀ ನಾಡಿಗೆ ಒಂದು ಸಂಗತಿ ತಿಳಿಸಿತು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನೂ 2017ರ ಸೆಪ್ಟೆಂಬರ್ 5ರಂದು ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರನ್ನೂ ಕೊಂದದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು. ಇಬ್ಬರೂ ಬಿದ್ದದ್ದು ಸ್ವಂತ ಮನೆಯ ಬಾಗಿಲಿನಲ್ಲಿ. ಒಬ್ಬರು ಬೆಳಗ್ಗೆ ಬಾಗಿಲಿಗೆ ಬಂದಿದ್ದರು, ಇನ್ನೊಬ್ಬರು ರಾತ್ರಿ ಕೆಲಸ ಮುಗಿಸಿ ಬಂದು ಒಳಹೋಗುತ್ತಿದ್ದರು. ಬೀರುವಿನಲ್ಲಿ ಯಾವ ಬಂದೂಕು ಇದ್ದಿದ್ದರೂ ಅದು ಬೀರುವಿನಲ್ಲೇ ಇರುತ್ತಿತ್ತು. ಕೊಂದ ಪಿಸ್ತೂಲಿಗೆ ಯಾರೂ ನಮೂನೆ ಎ-1 ತುಂಬಿರಲಿಲ್ಲ.

ಹಾಗಾದರೆ ಕೊಡಗಿನವರ ಕತೆ ಏನು ಎಂದು ಗೃಹಸ್ಥ ಕೇಳುತ್ತಾನೆ. ಒಳ್ಳೆಯ ಪ್ರಶ್ನೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡವೆಂಬ ವಿನಾಯಿತಿ 1861ರಿಂದ ಬಂದದ್ದು. ಕೇಂದ್ರ ಸರ್ಕಾರ 2019ರ ಅಕ್ಟೋಬರಿನಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಆ ಕೋವಿ ಮನೆತನದ ನೆನಪಿನ ಭಾಗ, ಹಿರಿಯರ ಕಣ್ಣೆದುರು ಎಳವೆಯಲ್ಲೇ ಹಿಡಿಯಲು ಕಲಿತದ್ದು. ಐನ್‌ಮನೆಯ ಸುತ್ತ ಕಾಫಿ ತೋಟವಿದೆ, ಪಿಜಿ ಇಲ್ಲ. ಗೃಹಸ್ಥನ ಮನೆಯಲ್ಲಿ ರಿವಾಲ್ವರ್ ಹೊರಬರುವುದು ಆಯುಧಪೂಜೆಗೆ, ಸ್ಕೂಟರು ಮತ್ತು ಮಿಕ್ಸಿಯ ನಡುವೆ ಕುಂಕುಮ ಹಚ್ಚಿಸಿಕೊಳ್ಳಲು. ಉತ್ಸಾಹದಲ್ಲಿ ಟೆರೇಸಿಗೆ ಹೋಗಿ ಸಂಭ್ರಮದ ಗುಂಡು ಹಾರಿಸಿ ಯಾರ ಜೀವಕ್ಕಾದರೂ ಕುತ್ತು ತಂದರೆ, ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ.

ಕೊನೆಯದಾಗಿ ಚುನಾವಣೆ. ದಿನಾಂಕ ಘೋಷಣೆಯಾದೊಡನೆ, ಪರಿಶೀಲನಾ ಸಮಿತಿ ವಿನಾಯಿತಿ ಕೊಟ್ಟವರ ಹೊರತು ಲೈಸೆನ್ಸುದಾರರು ಬಂದೂಕನ್ನು ಠಾಣೆಗೆ ಒಪ್ಪಿಸಬೇಕೆಂಬ ಸೂಚನೆ ಬರುತ್ತದೆ. 2023ರ ವಿಧಾನಸಭೆ, 2024ರ ಲೋಕಸಭೆ, ಎರಡು ವರ್ಷದಲ್ಲಿ ಎರಡು ಸಲ. ದಕ್ಷಿಣ ಕನ್ನಡದ ಕೃಷಿಕರು ಪ್ರತಿ ಸಲವೂ ಗೊಣಗುತ್ತಾರೆ: ಕೋವಿ ಠಾಣೆಗೆ ಹೋದರೂ ಮಂಗ, ಹಂದಿಗಳಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲ. ಕಳ್ಳ ಮಹಾಶಯರು ಮತದಾರರು, ಅವರಿಗೆ ಅನ್ವಯಿಸಬಹುದು. ಮತ ಎಣಿಕೆ ಮುಗಿದು ಬಂದೂಕು ಮನೆಗೆ ಮರಳುವವರೆಗೆ ಮಡಿವಾಳದಲ್ಲಿ ಕೆಲಸ ನಿಲ್ಲಿಸಬೇಕಾಗಿ ಕೋರಿಕೆ. 2015ರ ನಂತರ ಹತ್ತು ವರ್ಷ ಬೆಂಗಳೂರಿಗೆ ಕಾರ್ಪೊರೇಷನ್ ಚುನಾವಣೆಯೇ ನಡೆಯದಿದ್ದದ್ದರಿಂದ ಲಾಭವಾದ ನಾಗರಿಕರು ಯಾರಾದರೂ ಇದ್ದರೆ, ಅವರು ಈ ಲೈಸೆನ್ಸುದಾರರೇ.

ಈ ಷರತ್ತುಗಳಿಗೆ ಒಪ್ಪಿಗೆಯಿದ್ದಲ್ಲಿ ಮಹಾಶಯರು ಹದಿನೈದು ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು.

ಇತಿ,
ಮಡಿವಾಳದ ಗೃಹಸ್ಥರ ಪರವಾಗಿ

ಪ್ರತಿ:
1. ವಿಧಿವಿಜ್ಞಾನ ಪ್ರಯೋಗಾಲಯ, ಬಂದೂಕು–ಗುಂಡು ಪರೀಕ್ಷಾ ವಿಭಾಗ, ಮಡಿವಾಳ: ಮುಂಗಡ ಮಾಹಿತಿಗಾಗಿ.
2. ಪಕ್ಕದ ಪಿಜಿಯ ಮಾಲೀಕರು: ಬಾಲ್ಕನಿಯ ಬದಿಯ ಮಂಚಗಳನ್ನು ಸ್ಥಳಾಂತರಿಸುವ ಬಗ್ಗೆ ಸೂಕ್ತ ಕ್ರಮಕ್ಕಾಗಿ.
3. ಗೃಹಸ್ಥನ ಶ್ರೀಮತಿಯವರು: ಮಾಹಿತಿಗಾಗಿ. (ಇವರು ಹಿಂಬಾಗಿಲಿಗೆ ಕಬ್ಬಿಣದ ಗ್ರಿಲ್ ಮಾಡಲು ವೆಲ್ಡಿಂಗ್ ಅಂಗಡಿಗೆ ಈಗಾಗಲೇ ಅಡ್ವಾನ್ಸ್ ಕೊಟ್ಟಿದ್ದು, 112 ನಂಬರನ್ನು ಮನೆಯ ಎಲ್ಲರ ಮೊಬೈಲಿನಲ್ಲೂ ಸೇವ್ ಮಾಡಿಸಿರುತ್ತಾರೆ, ಬೀರುವಿನಲ್ಲಿ ರಿವಾಲ್ವರಿಗೆ ಜಾಗವಿಲ್ಲವೆಂದು ಮೌಖಿಕವಾಗಿ ತಿಳಿಸಿರುತ್ತಾರೆ.)